ಉಲ್ಟಾ ನಿರಿಗೆಯ ಧೋತರ

ಕಳೆದ ವಾರ ಅಂಗಿ ಹೊಲಿಸಲು ನಮ್ಮ ಓಣಿಯ ಶಿಂಪಿಯ ಅಂಗಡಿಗೆ ಹೋಗಿದ್ದೆ. ಅವನು ಕೊರಳಿಗೆ ಟೇಪು ಹಾಕಿಕೊಂಡು ಎದುರಿಗೆ ಬಂದು ನಿಂತದ್ದೇ ತಡ, ನಾನು ಎರಡೂ ಕೈ ಭುಜದ ಮಟ್ಟಕ್ಕೆ ಎತ್ತಿ, ಹೊಟ್ಟೆ ಒಳಗೆ ಎಳೆದುಕೊಂಡು ನಿಂತುಬಿಟ್ಟೆ. "ಸರ, ಕೈ ಇಳಸ್ರಿ. ಮೊದಲ ಕೊರಳಿನ ಅಳತಿ ತಗೋತೇನಿ," ಎಂದು ಅವನು ನಕ್ಕ. ನಾನೂ ನಕ್ಕೆ. ಆದರೆ ಕೈ ಇಳಿಸಲು ಸ್ವಲ್ಪ ಹೊತ್ತು ಹಿಡಿಯಿತು. ಬಟ್ಟೆಯ ವಿಷಯಕ್ಕೆ ಯಾರೇ ನನ್ನ ಮುಂದೆ ಬಂದು ನಿಂತರೂ ಈ ಕೈಗಳು ನನ್ನನ್ನು ಕೇಳದೆ ಮೇಲಕ್ಕೆ ಹೋಗುತ್ತವೆ. ಇದು ಅವ್ವ ಹಚ್ಚಿದ ರೂಢಿ. ಸಣ್ಣವನಿದ್ದಾಗ ಹಚ್ಚಿದ್ದಲ್ಲ. ಮೀಸೆ ಬಂದು, ಮದುವೆಯಾಗಿ, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಮಾಸ್ತರನಿಗೆ ಹಚ್ಚಿದ್ದು.

ಇದಕ್ಕೆಲ್ಲ ಮೂಲ ಒಂದು ಮೋಟಾರ್ ಸೈಕಲ್ಲಿನ ಸೈಲೆನ್ಸರು. ತೊಂಬತ್ತರ ದಶಕದ ನಡುಮಧ್ಯದ ಮಾತು. ನಮ್ಮ ಮನೆ ಬೈಲಹೊಂಗಲದಲ್ಲಿ, ನನ್ನ ಸಾಲಿ ಯರಗಟ್ಟಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದವನು ಒಂದು ದಿನ ಬಸ್ಸು ತಪ್ಪಿತೆಂದು ಜೊತೆಯ ಮಾಸ್ತರರೊಬ್ಬರ ಗಾಡಿಯ ಹಿಂದೆ ಕುಳಿತೆ. ಇಳಿಯುವಾಗ ಬಲಗಾಲಿನ ಮೀನಖಂಡ ಸೈಲೆನ್ಸರಿಗೆ ತಾಗಿ ಚುರ್ ಅಂದಿತು. ನಾನು ಶೂರನಂತೆ ಅದರ ಮೇಲೆ ಪೆನ್ನಿನ ಮಸಿ ಸುರುವಿಕೊಂಡು ಪಾಠಕ್ಕೆ ಹೋದೆ. ಮೇಲೆ ಪ್ಯಾಂಟು, ಒಳಗೆ ಬೆವರು, ಧೂಳು. ಹದಿನೈದು ದಿನಕ್ಕೆ ಗಾಯ ಕೀವಾಗಿ, ಕಾಲು ಊದಿ, ಜ್ವರ ಬಂತು. ಡಾಕ್ಟರು ನೋಡಿ ಬೈದು, ಕೊಳೆತ ಚರ್ಮವನ್ನೆಲ್ಲ ತೆಗೆದು, "ಇನ್ನ ಕೆಲವು ತಿಂಗಳ ಪ್ಯಾಂಟಿನ ಹೆಸರ ಎತ್ತಬ್ಯಾಡ್ರಿ. ಗಾಯಕ್ಕ ಗಾಳಿ ಆಡಬೇಕು," ಎಂದರು. "ಸಾಲಿಗೆ ಏನ ಹಾಕ್ಕೊಂಡ ಹೋಗ್ಲಿರಿ?" ಎಂದು ಕೇಳಿದೆ. "ಅದಕ್ಕ ನನ್ನ ಹತ್ರ ಔಷಧ ಇಲ್ಲ," ಎಂದರು.

ಲುಂಗಿ ಉಟ್ಟು ಹೋಗಬಹುದಿತ್ತಲ್ಲ ಎಂದು ನೀವು ಅನ್ನಬಹುದು. ನಮ್ಮ ಕಡೆ ಲುಂಗಿಗೆ ಒಂದು ಗಡಿ ಇದೆ. ಅದು ಓಣಿಯ ತುದಿಯ ಚಹಾದ ಅಂಗಡಿಯವರೆಗೆ ಹೋಗಬಹುದು, ಕರಿಹಲಗೆಯವರೆಗೆ ಹೋಗಬಾರದು. ಉಳಿದದ್ದು ಧೋತರ. ಅದು ಮನೆಯಲ್ಲಿ ಟ್ರಂಕಿನ ತುಂಬ ಇತ್ತು. ಉಡುವವರು ಮಾತ್ರ ಇರಲಿಲ್ಲ.

ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಹಗ್ಗದ ಗುರಪ್ಪ ಎಂದರೆ ಸುತ್ತಲಿನ ಸಂತೆಗಳಲ್ಲೆಲ್ಲ ಗೊತ್ತಿದ್ದ ಮನುಷ್ಯ. ಎತ್ತಿನ ಹಗ್ಗ, ಕಣ್ಣಿ, ಬಾರುಕೋಲು, ಗೆಜ್ಜೆಸರ ಇವನ್ನೆಲ್ಲ ಗಂಟು ಕಟ್ಟಿಕೊಂಡು ಒಂದು ದಿನ ಸವದತ್ತಿ, ಒಂದು ದಿನ ರಾಮದುರ್ಗ, ಇನ್ನೊಂದು ದಿನ ಕಿತ್ತೂರು ಎಂದು ತಿರುಗುತ್ತಿದ್ದ. ಸಂತೆಯಿಲ್ಲದ ದಿನ ಮನೆಯ ಹಿತ್ತಲಲ್ಲಿ ಪುಂಡಿಯ ನಾರು ಹೊಸೆಯುತ್ತಿದ್ದ. ಅಪ್ಪನದು ಎಡಗೈ. ನಮ್ಮಲ್ಲಿ ಅಂಥವರನ್ನು ರೊಡ್ಡ ಎನ್ನುತ್ತಾರೆ. ಉಣ್ಣುವುದೊಂದನ್ನು ಅಜ್ಜಿ ಹೊಡೆದು ಬಡಿದು ಬಲಗೈಗೆ ತಂದಿದ್ದಳಂತೆ. ಹಗ್ಗ ಹೊಸೆಯುವುದನ್ನು ಯಾರಿಗೂ ಬಲಕ್ಕೆ ತರಲಾಗಲಿಲ್ಲ. ಹೀಗಾಗಿ ಅವನ ಹಗ್ಗದ ಹುರಿ ಎಲ್ಲರ ಹಗ್ಗಕ್ಕೆ ವಿರುದ್ಧ ದಿಕ್ಕಿಗೆ ತಿರುವಾಗಿರುತ್ತಿತ್ತು. ಅದೇ ಗಟ್ಟಿ ಎಂದು ಕೇಳಿ ಒಯ್ಯುವವರೂ ಇದ್ದರು.

ಅಪ್ಪ ಹೋದ ಮೇಲೆ ಅವ್ವ ಮಾತು ಬಿಟ್ಟಿದ್ದಳು. ಸಿಟ್ಟಿನಿಂದಲ್ಲ, ಅಳುವಿನಿಂದಲೂ ಅಲ್ಲ. ಆಕೆ ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾವು ನೋಡಲಿಲ್ಲ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತರೆ ಕೂತಳು. ಉಣ್ಣು ಎಂದರೆ ಉಂಡಳು, ಮಲಗು ಎಂದರೆ ಮಲಗಿದಳು. ಏನು ಕೇಳಿದರೂ "ಹೂಂ". ಓಣಿಯ ಹೆಣ್ಣುಮಕ್ಕಳು ಬಂದು ಮಾತಾಡಿಸಿ ಸಾಕಾಗಿ ಹೋದರು. ತಟ್ಟೆಯಲ್ಲಿ ರೊಟ್ಟಿ ಅರ್ಧಕ್ಕೆ ಇಳಿಯಿತು, ಆಮೇಲೆ ಕಾಲುಭಾಗಕ್ಕೆ. ನನ್ನ ಹೆಂಡತಿ ಸುಮಿತ್ರಾ ಒಂದು ದಿನ ನನ್ನನ್ನು ಹಿತ್ತಲಿಗೆ ಕರೆದು, "ಅತ್ತಿ ಹಿಂಗ ಕುಂತ ಕುಂತ ಹೋಗಿಬಿಡ್ತಾರ್ರಿ. ಏನರ ಮಾಡ್ರಿ," ಎಂದು ಅತ್ತಳು. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ತಾಯಿಯನ್ನು ಕಣ್ಣೆದುರಿಗೇ ಕಳೆದುಕೊಳ್ಳುತ್ತಿದ್ದೇನೆ ಎಂಬ ಭಯ ನನಗೆ ಪಾಠದ ನಡುವೆಯೂ ಬರುತ್ತಿತ್ತು.

ಅಂಥ ದಿನಗಳಲ್ಲಿ, ಒಂದು ಮುಂಜಾನೆ, ಅಪ್ಪನ ಟ್ರಂಕಿನಿಂದ ನಾನು ಧೋತರ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಮನೆಯೆಲ್ಲ ಹರಡಿತು. ನಾನು ಅದನ್ನು ಸೊಂಟಕ್ಕೆ ಸುತ್ತಿಕೊಂಡೆ, ಅದು ಬಿಚ್ಚಿತು. ಮತ್ತೆ ಸುತ್ತಿಕೊಂಡೆ. ಕಾಲ ನಡುವಿನಿಂದ ಹಿಂದಕ್ಕೆ ಎಳೆದು ಕಚ್ಚೆ ಸಿಗಿಸುವಷ್ಟರಲ್ಲಿ ಮುಂದಿನದು ಜಾರಿತು. ಸುಮಿತ್ರಾ ಬಾಗಿಲ ಸಂದಿಯಿಂದ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ತ್ರಿಕೋನ, ಚತುಷ್ಕೋನ ಎಲ್ಲ ಬಲ್ಲ ನನ್ನನ್ನು ಒಂದು ಉದ್ದನೆಯ ಆಯತಾಕಾರದ ಬಟ್ಟೆ ಸೋಲಿಸಿಬಿಟ್ಟಿತು. ಆಗ ಕಂಬದ ಹತ್ತಿರ ಸೀರೆಯ ಸದ್ದಾಯಿತು. ಅವ್ವ ಎದ್ದಿದ್ದಳು.

"ಕೈ ಎತ್ತು," ಎಂದಳು.

ಎಂಟು ತಿಂಗಳಲ್ಲಿ ಆಕೆ ತಾನಾಗಿ ಆಡಿದ ಮೊದಲ ಮಾತು. ನಾನು ಕೈ ಎತ್ತಿದೆ. ಆಕೆ ನನ್ನ ಮುಂದೆ ಕೂತು, ಬಟ್ಟೆ ಜಗ್ಗಿ, ಗಂಟು ಹಾಕಿ, ಬೆರಳಿನಿಂದ ಒಂದೊಂದೇ ನಿರಿಗೆ ಹಿಡಿದು ತೀಡಿದಳು. ಮುಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ನಿರಿಗೆಯ ಚುಂಗನ್ನು ಒಮ್ಮೆ ಕೊಡವಿ, "ಹೋಗು," ಎಂದಳು.

ಧೋತರ ಎಂದರೆ ನಮ್ಮ ಕಡೆ ಹೊಸದೇನಲ್ಲ. ಬಸ್ಸಿನಲ್ಲಿ ಅರ್ಧ ಮಂದಿ ಅದನ್ನೇ ಉಟ್ಟಿರುತ್ತಿದ್ದರು. ಆದರೆ ಅವರೆಲ್ಲ ಹಲ್ಲು ಉದುರಿದವರು. ಕೈಯಲ್ಲಿ ಚರ್ಮದ ಚೀಲ, ಕಿಸೆಯಲ್ಲಿ ಎರಡು ಪೆನ್ನು, ಕಣ್ಣಿಗೆ ಕನ್ನಡಕ ಇದ್ದ ಪ್ಯಾಂಟಿನ ವಯಸ್ಸಿನವನು ಕಚ್ಚೆ ಹಾಕಿ ಬಸ್ಸು ಹತ್ತಿದರೆ ಎಲ್ಲರ ಕಣ್ಣೂ ಇಳಿದು ಪಾದದವರೆಗೆ ಹೋಗಿ ಮೇಲೆ ಬರುತ್ತಿದ್ದವು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಚಚಡಿಯಲ್ಲಿ ಹತ್ತಿದ ಮುದುಕರೊಬ್ಬರು ನನ್ನ ಪಕ್ಕ ಕೂತು, ಬಹಳ ಹೊತ್ತು ನನ್ನ ತೊಡೆಯನ್ನೇ ನೋಡಿ ಕೊನೆಗೆ ತಡೆಯಲಾಗದೆ ಕೇಳಿದರು:

"ತಮ್ಮಾ, ನಿನ್ನ ನಿರಗಿ ಉಲ್ಟಾ ಆಗ್ಯಾವಲ್ಲೋ."

"ಹೌದೇನ್ರಿ?"

"ನಿರಗಿ ಮಡಿಕಿ ಬಾಯಿ ಎಡಕ್ಕ ತೆರದಿರಬೇಕು. ನಿಂದು ಬಲಕ್ಕೈತಿ. ಯಾರ ಉಡಿಸ್ಯಾರ ನಿನಗ?"

"ನಮ್ಮವ್ವ್ರಿ."

ಹಿಂದಿನ ಸೀಟಿನವರು ಹೋ ಎಂದು ನಕ್ಕರು. ಕಂಡಕ್ಟರನೂ ನಕ್ಕ. ಮುದುಕರು ನಗಲಿಲ್ಲ. "ಅವ್ವ ಉಡಿಸ್ಯಾಳಂದ್ರ ಇರಲಿ ಬಿಡಪಾ. ಉಡಸಾಕ ಅವ್ವ ಅದಾಳಲ್ಲ," ಎಂದು, ತಮ್ಮ ತಾಯಿ ಕಣ್ಣು ಹೋದ ಮೇಲೂ ತಮ್ಮ ಅಂಗಿಯ ಗುಂಡಿಯನ್ನು ತಡವಿ ನೋಡಿ ಹಾಕುತ್ತಿದ್ದುದನ್ನು ಹೇಳುತ್ತ ಹೋದರು. ಯರಗಟ್ಟಿ ಬಂದದ್ದು ಗೊತ್ತಾಗಲಿಲ್ಲ. ಎಷ್ಟೋ ವರ್ಷ ಆ ಬಸ್ಸಿನಲ್ಲಿ ಓಡಾಡಿದ್ದೆ. ಯಾರೂ ನನ್ನನ್ನು ಹೀಗೆ ಮಾತಾಡಿಸಿರಲಿಲ್ಲ. ಪ್ಯಾಂಟು ಹಾಕಿದ ಮಾಸ್ತರನನ್ನು ಮಂದಿ ಕೇಳುತ್ತಿದ್ದುದು ಒಂದೇ, "ಟೈಮ್ ಎಷ್ಟಾತ್ರಿ ಸರ?"

ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದೆ. ಕಂಬದ ಕಡೆಯಿಂದ ಅವ್ವನ ದನಿ ಬಂತು. "ಇವತ್ತ ಯಾರ ಮಾತಾಡಿಸಿದ್ರು?"

ಚೀಲ ಅಲ್ಲೇ ಇಟ್ಟು, ಆಕೆಯ ಮುಂದೆ ಕೂತು, ಚಚಡಿಯ ಮುದುಕರ ಕಥೆ ಹೇಳಿದೆ. ನಿರಿಗೆ ಉಲ್ಟಾ ಎಂದದ್ದನ್ನು ಮಾತ್ರ ಬಿಟ್ಟೆ. ಅವ್ವ ಧೋತರವನ್ನು ಎಂದೂ ಉಟ್ಟವಳಲ್ಲ, ಎದುರು ನಿಂತು ನೋಡಿದವಳು ಅಷ್ಟೇ. ನೋಡಿದ್ದನ್ನು ತಿರುಗಾಮುರುಗಾ ಮಾಡಿದ್ದಾಳೆ, ಪಾಪ, ಆಕೆಗೆ ಯಾಕೆ ಹೇಳುವುದು ಎಂದುಕೊಂಡೆ. ಆಕೆ ಎಲ್ಲ ಕೇಳಿ, "ಕಣ್ಣು ಯಾವಾಗ ಹೋಗಿದ್ದುವಂತ ಆಕಿಗೆ?" ಎಂದಳು. ನಾನು ಕೇಳಿರಲಿಲ್ಲ. "ಕೇಳಬೇಕಪಾ," ಎಂದಳು. ಆ ದಿನ ಇಡೀ ರೊಟ್ಟಿ ಉಂಡಳು.

ಅಂದಿನಿಂದ ನನ್ನ ಬದುಕೇ ಬೇರೆಯಾಯಿತು. ಮುಂಜಾನೆ ಕೈ ಎತ್ತಿ ನಿಲ್ಲುವುದು, ಹಗಲೆಲ್ಲ ಮಂದಿಯ ಮಾತು ಕೂಡಿಡುವುದು, ಸಂಜೆ ಅದನ್ನು ಅವ್ವನ ಮುಂದೆ ಇಡುವುದು. ನಾನು ಸ್ವಭಾವತಃ ಗುಮ್ಮನಗುಸಕ. ಹಾಗಿದ್ದವನು ಬಸ್ ಸ್ಟ್ಯಾಂಡಿನಲ್ಲಿ ಬೇಕೆಂದೇ ಮಂದಿಯ ನಡುವೆ ಹೋಗಿ ನಿಲ್ಲತೊಡಗಿದೆ. ಧೋತರ ತನ್ನ ಕೆಲಸ ತಾನೇ ಮಾಡುತ್ತಿತ್ತು. ಬಸ್ಸಿನಲ್ಲಿ ಬದನೆಕಾಯಿಯ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತ ಒಬ್ಬ ಅಜ್ಜಿ, ತಲೆ ನೆರೆಯದವನು ಧೋತರ ಉಡಬೇಕಾದರೆ ಒಂದು ಮದುವೆ, ಇಲ್ಲ ಸಾವು ಎಂದು ಲೆಕ್ಕ ಹಾಕಿ, "ಯಪ್ಪಾ, ಯಾರ ತೀರಿಕೊಂಡಾರ?" ಎಂದು ಕೇಳಿದಳು. "ನಮ್ಮಪ್ಪ," ಎಂದೆ. "ಅವ್ವ ಅದಾಳ?" ಎಂದಳು. ಇದ್ದಾಳೆ ಎಂದೆ. ನನ್ನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು, "ಆಕಿ ಜೋಡಿ ದಿನಾ ಕುಂತ ಮಾತಾಡು. ಗಂಡ ಹೋದಾಕಿಗೆ ಮನಿ ಭಾಳ ದೊಡ್ಡದ ಆಗತೈತಿ," ಎಂದಳು. ಹಾಗೆನ್ನುವಾಗ ಆಕೆಯ ಬರಿದಾದ ಹಣೆಯನ್ನು ನಾನು ನೋಡಿದೆ. ಇಳಿಯುವಾಗ ಬೇಡವೆಂದರೂ ನಾಲ್ಕು ಬದನೆಕಾಯಿ ನನ್ನ ಚೀಲಕ್ಕೆ ಹಾಕಿಹೋದಳು. ಅವನ್ನು ಅವ್ವನೇ ಎಣ್ಣೆಗಾಯಿ ಮಾಡಿದಳು.

ಕಿತ್ತೂರಿಗೆ ಪರೀಕ್ಷೆಯ ಕೆಲಸಕ್ಕೆ ಹೋದಾಗ ಇನ್ನೊಂದು ತಮಾಷೆ. ಗುಡಿಯ ಕಟ್ಟೆಯ ಮೇಲೆ ಬಸ್ಸು ಕಾಯುತ್ತ ಕೂತಿದ್ದೆ. ಒಬ್ಬರು ಓಡಿಬಂದು, "ಸ್ವಲ್ಪ ಒಳಗ ಬರ್ರಿ ಯಜಮಾನ್ರ," ಎಂದು ಕೈಹಿಡಿದು ಎಳೆದರು. ಒಳಗೆ ನಿಶ್ಚಿತಾರ್ಥ. ಐದು ಮಂದಿ ಹಿರಿಯರು ಕೂತು ವೀಳ್ಯ ಮುಟ್ಟಬೇಕು, ಒಬ್ಬರ ಬಸ್ಸು ಇನ್ನೂ ಬಂದಿಲ್ಲ. ಕಟ್ಟೆಯ ಮೇಲೆ ನನಗಿಂತ ವಯಸ್ಸಾದ ಪ್ಯಾಂಟಿನವರು ಇಬ್ಬರಿದ್ದರು. ಅವರನ್ನು ಬಿಟ್ಟು ನನ್ನನ್ನು ಕರೆದಿದ್ದರು. "ನಾ ಅಷ್ಟ ದೊಡ್ಡಾಂವ ಅಲ್ರಿ," ಎಂದೆ. "ಧೋತರ ಉಟ್ಟೇರಿ, ಕುಂದರ್ರಿ," ಎಂದರು. ಹೀಗೆ ಗುರುತು ಪರಿಚಯವಿಲ್ಲದ ಒಂದು ಹುಡುಗಿಯ ಮದುವೆಯ ಮಾತಿಗೆ ನಾನು ಹಿರಿಯನಾದೆ. ಹುಡುಗಿ ಬಂದು ಕಾಲು ಮುಟ್ಟಿದಾಗ ನನಗೆ ನಗು ಬರಲಿಲ್ಲ. ಅವಳು ಸುಖವಾಗಿರಲಿ ಎಂದು ನಿಜವಾಗಿ ಹರಸಿದೆ.

ಅವ್ವನಿಗೆ ಆ ಕಥೆ ಮೂರು ಸಂಜೆ ಬಂತು. ಹುಡುಗಿ ಯಾರ ಪೈಕಿ, ಸೀರೆ ಯಾವ ಬಣ್ಣ, ಊಟಕ್ಕೆ ಏನು ಮಾಡಿದ್ದರು, ಹುಡುಗನ ತಾಯಿ ನಕ್ಕೋತ ಇದ್ದಳೋ ಇಲ್ಲವೋ. ನಾನು ಅರ್ಧಕ್ಕೆ ಉತ್ತರವಿಲ್ಲದೆ ತಡವರಿಸಿದರೆ, "ನಿಮ್ಮಪ್ಪ ಆಗಿದ್ರ ಎಲ್ಲಾ ಕೇಳಿಕೊಂಡ ಬರತಿದ್ರು," ಎನ್ನುತ್ತಿದ್ದಳು. ಯಾರೂ ಮಾತಾಡಿಸದ ದಿನ ಬರಿಗೈಯಲ್ಲಿ ಹೋಗಲು ಮನಸ್ಸಾಗದೆ ಒಮ್ಮೆ ಕಟಕೋಳದ ಒಬ್ಬ ಗೌಡರನ್ನು ಹುಟ್ಟಿಸಿ, ಅವರ ಬಾಯಿಂದ ಬಹಳ ಚಂದದ ಮಾತು ಆಡಿಸಿದೆ. ಅವ್ವ ಕೇಳುವಷ್ಟು ಕೇಳಿ, "ಇದು ಸುಳ್ಳು. ಹೊಲದ ಮಾತಿಲ್ಲದ ಗೌಡ ಎಲ್ಲಿ ಅದಾನ?" ಎಂದಳು. ಆದರೆ ಹಾಗೆನ್ನುವಾಗ ಆಕೆ ನಗುತ್ತಿದ್ದಳು. ಅಡುಗೆಮನೆಯಲ್ಲಿ ಸುಮಿತ್ರಾಳ ಕೈಯಲ್ಲಿದ್ದ ಲಟ್ಟಣಿಗೆ ನಿಂತದ್ದು ನನಗೆ ಕೇಳಿಸಿತು.

ನಿರಿಗೆಯ ಕಾಟ ಮಾತ್ರ ನಿಲ್ಲಲಿಲ್ಲ. ಹೋದಲ್ಲೆಲ್ಲ ಯಾರಾದರೊಬ್ಬರು, "ಉಲ್ಟಾ ಆಗ್ಯಾವ ನೋಡ್ರಿ," ಎನ್ನುವವರೇ. ಅದೇ ಮಾತಿನ ಬಾಗಿಲೂ ಆಗಿತ್ತು. ಅಲ್ಲಿಂದಲೇ ಎಲ್ಲರೂ ಒಳಗೆ ಬರುತ್ತಿದ್ದರು. ಸವದತ್ತಿಯ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದ ಹೋಟೆಲಿನವರೊಬ್ಬರು ಹೇಳಿ ಬಿಡುವವರಲ್ಲ, ಮಾಡಿ ತೀರಿಸುವವರು. "ಮಾಸ್ತರ ಆಗಿ ಹಿಂಗ ಉಟ್ಟರ ಹುಡುಗರು ನಗತಾರ. ಬರ್ರಿ ಇಲ್ಲೆ," ಎಂದು ಹಿಂದಿನ ಕೋಣೆಗೆ ಕರೆದೊಯ್ದು, ಎಲ್ಲ ಬಿಚ್ಚಿಸಿ, ತಾವೇ ನಿರಿಗೆ ಹಿಡಿದು, ಬಾಯಿ ಎಡಕ್ಕೆ ಬರುವಂತೆ ಅಚ್ಚುಕಟ್ಟಾಗಿ ಉಡಿಸಿ ಕಳಿಸಿದರು. ಎಷ್ಟು ಅಕ್ಕರೆಯ ಮನುಷ್ಯ ಎಂದು ಖುಷಿಪಟ್ಟೆ. ಇವತ್ತು ಹೇಳಲು ಒಳ್ಳೆಯ ಕಥೆಯಾಯಿತು ಎಂದುಕೊಳ್ಳುತ್ತ ಮನೆಗೆ ಬಂದೆ.

ಅವ್ವ ತಲೆ ಎತ್ತಿ ನೋಡಿದಳು. ಕಣ್ಣು ನನ್ನ ಸೊಂಟದ ಕೆಳಗೆ ಇಳಿದು ಅಲ್ಲೇ ನಿಂತವು. ಯಾರು ಮಾತಾಡಿಸಿದರು ಎಂದು ಕೇಳಲಿಲ್ಲ. ಮುಖ ತಿರುವಿ ಕಂಬದ ಆಚೆ ಸರಿದು ಕೂತಳು. ನಾನು ಹೋಟೆಲಿನವರ ಕಥೆ ಶುರು ಮಾಡಿದೆ. ಆಕೆ "ಹೂಂ" ಎಂದಳು. ಅದೇ ಹಳೆಯ "ಹೂಂ". ಆ ದಿನ ಆಕೆ ಉಣ್ಣಲಿಲ್ಲ.

"ಅತ್ತಿಗೆ ಏನಂದ್ರಿ ನೀವು?" ಎಂದು ಸುಮಿತ್ರಾ ಕೇಳಿದಳು. ಏನೂ ಅಂದಿಲ್ಲ, ಒಬ್ಬರು ಧೋತರ ಸರಿ ಮಾಡಿ ಉಡಿಸಿದರು ಅಷ್ಟೇ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾವಾರು ಹಂಗ ಉಡತಿದ್ದಿಲ್ಲಲ್ರಿ," ಎಂದಳು.

ನಾನು ಹೋಗಿ ಗೋಡೆಯ ಮೇಲಿನ ಫೋಟೋ ನೋಡಿದೆ. ಅಪ್ಪ ಕುರ್ಚಿಯ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ತಲೆಗೆ ರುಮಾಲು, ಹೆಗಲ ಮೇಲೆ ವಸ್ತ್ರ, ಮಡಿಕೆ ಮಡಿಕೆಯ ಧೋತರ. ನಿರಿಗೆಯ ಬಾಯಿ ಬಲಕ್ಕಿತ್ತು. ಎಡಗೈಯವನ ನಿರಿಗೆ ಮತ್ತೆ ಹೇಗಿರುತ್ತದೆ? ಅವನ ಹಗ್ಗದಂತೆಯೇ ಅವನ ನಿರಿಗೆಯೂ ತಿರುವು. ಹುಟ್ಟಿದಾಗಿನಿಂದ ನೋಡಿದ್ದರೂ ನಾನು ಅದನ್ನು ನೋಡಿರಲಿಲ್ಲ. ಅವ್ವ ತಪ್ಪು ಉಡಿಸಿರಲಿಲ್ಲ. ದಿನಾ ಮುಂಜಾನೆ ಆಕೆ ನನ್ನ ಸೊಂಟಕ್ಕೆ ಅಪ್ಪನನ್ನು ಉಡಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಿದ್ದಳು. ಆ ದಿನ ಸಂಜೆ ಬಾಗಿಲಲ್ಲಿ ಬಂದು ನಿಂತವನು ಅಪ್ಪನಾಗಿರಲಿಲ್ಲ, ಯಾರೋ ಬೇರೆಯವನಾಗಿದ್ದ.

ಮರುದಿನ ಆಕೆ ಏಳಲಿಲ್ಲ. ನಾನು ಧೋತರ ಹಿಡಿದು ಹೋಗಿ ಕಂಬದ ಮುಂದೆ ನಿಂತೆ. ಸುಮ್ಮನೆ ಎರಡೂ ಕೈ ಎತ್ತಿದೆ. ಆಕೆ ನೋಡಲಿಲ್ಲ. ಕೈ ಸೋತವು, ಭುಜ ನಡುಗತೊಡಗಿತು. ಹೊರಗೆ ನನ್ನ ಬಸ್ಸಿನ ಹೊತ್ತಾಗಿ ಹೋಯಿತು. ಕೈ ಇಳಿಸಿದರೆ ಆಕೆ ಇನ್ನೊಮ್ಮೆ ಏಳುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನ್ನಿಸಿತ್ತು. ಕೊನೆಗೆ ಸೀರೆಯ ಸದ್ದಾಯಿತು. ಆಕೆ ನೆಲಕ್ಕೆ ಕೈಯೂರಿ ಎದ್ದು, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, "ಇನ್ನ ಯಾರ ಕಡಿಂದನೂ ಬಿಚ್ಚಿಸಿಕೊಳ್ಳಬ್ಯಾಡ," ಎಂದಳು. "ಇಲ್ಲಬೇ," ಎಂದೆ. ನಿರಿಗೆಯ ಬಾಯಿ ಬಲಕ್ಕೆ ಬಂತು.

ಇದಾಗಿ ಕೆಲವು ವಾರಕ್ಕೆ ರಾಮದುರ್ಗಕ್ಕೆ ಒಂದು ಮದುವೆಗೆ ಹೋಗಿದ್ದೆ. ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ರೈತರೊಬ್ಬರು ನನ್ನ ನಿರಿಗೆಯನ್ನೇ ನೋಡುತ್ತಿದ್ದರು. ಇನ್ನೇನು ಉಲ್ಟಾ ಎನ್ನುತ್ತಾರೆ ಎಂದು ನಾನು ತಯಾರಾದೆ. ಅವರು ಮುಖ ಎತ್ತಿ ನನ್ನನ್ನು ನೋಡಿ ಗಲಿಬಿಲಿಯಾದರು.

"ನಿರಗಿ ನೋಡಿ ಹಗ್ಗದ ಗುರಪ್ಪಣ್ಣಾರು ಬಂದ್ರು ಅಂದಕೊಂಡೆ. ಮಾರಿ ನೋಡಿದ್ರ ಬ್ಯಾರೆದವರು."

"ನಾ ಅವರ ಮಗ ರೀ."

"ಹೌದೇನು! ಬರ್ರಿ, ಕುಂದರ್ರಿ. ಎಷ್ಟ ದಿನಾತು, ಸಂತಿಗೆ ಬರವಲ್ರು. ಆರಾಮ ಅದಾರಿಲ್ಲೋ?"

ನಾನು ಹೇಳಿದೆ. ಅವರು ತಲೆಯ ಮೇಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಒಂದು ಬಸ್ಸು ಬಂದು ಹೋಯಿತು. ಅದು ಅವರ ಊರಿನ ಬಸ್ಸೇ ಇದ್ದಿರಬೇಕು, ಕಂಡಕ್ಟರ ಅವರನ್ನು ಕೂಗಿದ. ಅವರು ಏಳಲಿಲ್ಲ.

"ಮೊದಲ ಹಂಗ ಇರಲಿಲ್ಲ ನೋಡ್ರಿ ನಿಮ್ಮಪ್ಪಾರು," ಎಂದರು ಆಮೇಲೆ. "ಹರೇದಾಗ ಬಾಯಾಗ ಮಾತ ಇಲ್ಲದ ಮನಶಾ. ಹಗ್ಗ ಕೊಡೂದು, ಸುಮ್ಮನ ಕುಂಡ್ರೂದು. ಮದಿವಿ ಆದ ಮ್ಯಾಲ ಏನಾತೋ ಏನೋ, ಬಂದ ಬಂದವರನ್ನ ಹಿಡದು ಕುಂದರಸೂದು. ಊರ ಯಾವುದು, ಮಗಳನ್ನ ಎಲ್ಲಿ ಕೊಟ್ಟೀರಿ, ಸೊಸಿ ಚಲೋ ಅದಾಳಿಲ್ಲೋ. ನಾ ಒಮ್ಮಿ ಕೇಳೇ ಬಿಟ್ಟೆ, ಅಣ್ಣಾ, ಮಂದಿ ಉಸಾಬರಿ ನಿಮಗ್ಯಾಕ ಅಂತ. ಅದಕ್ಕ ಏನಂದ್ರು ಗೊತ್ತೇನ್ರಿ? 'ನನಗ ಬ್ಯಾಡೋ ಮಾರಾಯಾ. ಮನ್ಯಾಗ ಒಬ್ಬಾಕಿ ಅದಾಳ. ನಮ್ಮವ್ವ ಆಕೀನ್ನ ಹೊಸ್ತಲಾ ದಾಟಸಾಂಗಿಲ್ಲ. ನಾ ಸಂಜಿಕೆ ಹೋದ್ರ, ಇವತ್ತ ಯಾರ ಮಾತಾಡಿಸಿದ್ರು ಅಂತ ಕೇಳತಾಳ. ಬರಗೈಲೆ ಹೆಂಗ ಹೋಗ್ಲಿ?' ಅಂದ್ರು."

ಬೈಲಹೊಂಗಲದವರೆಗೂ ನಾನು ಆ ಮಾತನ್ನು ಚೆಲ್ಲದ ಹಾಗೆ ಹಿಡಿದುಕೊಂಡು ಬಂದೆ. ಅಪ್ಪ ಮಾತುಗಾರನೆಂದು ನಾವೆಲ್ಲ ತಿಳಿದಿದ್ದೆವು. ಅವನು ಆಕೆಗಾಗಿ ಮಾತುಗಾರನಾಗಿದ್ದ. ಅವನು ಹೋದಾಗ ಆಕೆಯ ಪಾಲಿಗೆ ಸವದತ್ತಿ, ಕಿತ್ತೂರು, ರಾಮದುರ್ಗ ಎಲ್ಲ ಒಂದೇ ದಿನ ಮುಚ್ಚಿಹೋಗಿದ್ದವು. ಮನೆಗೆ ಬಂದು, ಆಕೆ ಕೇಳಿದ ಮೇಲೆ, ರೈತರು ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವ್ವ ಸೆರಗಿನ ತುದಿಯನ್ನು ನಿರಿಗೆಯಂತೆ ಮಡಿಚುತ್ತ ಬಿಚ್ಚುತ್ತ ಇದ್ದಳು. ಆಮೇಲೆ "ನನಗೊಂದ ದಿನಾ ಹೇಳಲಿಲ್ಲ ನೋಡು," ಎಂದಳು. ಅಷ್ಟಂದು ಅಳತೊಡಗಿದಳು. ಅಷ್ಟೂ ತಿಂಗಳ ಅಳು. ಸುಮಿತ್ರಾ ಬಂದು ಆಕೆಯ ಬೆನ್ನ ಮೇಲೆ ಕೈಯಿಟ್ಟು ಕೂತಳು. ನಾವ್ಯಾರೂ ಸುಮ್ಮನಿರು ಎನ್ನಲಿಲ್ಲ.

ನನ್ನ ಕಾಲು ವಾಸಿಯಾಯಿತು. ಡಾಕ್ಟರು ಪ್ಯಾಂಟು ಹಾಕಬಹುದು ಎಂದರು. ಅವ್ವನಿಗೆ ನಾನು ಹೇಳಲಿಲ್ಲ. ಗಾಯದ ಜಾಗವನ್ನು ದಿನಾ ಮುಂಜಾನೆ ನೋಡುತ್ತಿದ್ದ ಆಕೆಯೂ ಕೇಳಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಮುಖ ಸಿಂಡರಿಸಿ ಸುಮ್ಮನಾದರು. ಹೀಗೆ ವರ್ಷಗಟ್ಟಲೆ ಅಪ್ಪನ ಧೋತರ ಹರಿದು ಹೊಸವು ಬಂದರೂ ನಿರಿಗೆ ಮಾತ್ರ ಅವೇ ಉಳಿದವು. ಒಮ್ಮೆ ಆಕೆಯೇ, "ನನ್ನೂ ಬಸ್ಸಿನ್ಯಾಗ ಕರಕೊಂಡ ಹೋಗು," ಎಂದಳು. ಯರಗಟ್ಟಿಗೆ ಕರೆದೊಯ್ದೆ. ಕಿಟಕಿಯ ಪಕ್ಕ ಕೂರಿಸಿದ್ದೆ. ಮುಂದಿನ ಸೀಟಿನವರು ತಿರುಗಿ, "ಮಾಸ್ತರ, ನಿಮ್ಮ ನಿರಗಿ ಉಲ್ಟಾ," ಎನ್ನುವಷ್ಟರಲ್ಲಿ ಅವ್ವ, "ಉಲ್ಟಾ ಅಲ್ರಿ. ಅವು ಹಂಗ ಇರೂವ," ಎಂದಳು. ಗಂಡಸರು ಕೂತ ಬಸ್ಸಿನಲ್ಲಿ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅವರು, "ಹೌದೇನಬೇ?" ಎಂದರು. ಅಲ್ಲಿಂದ ಯರಗಟ್ಟಿಯವರೆಗೆ ಅವ್ವನೇ ಮಾತಾಡಿದಳು.

ಆಕೆ ಹೋದದ್ದು ಹೊಸ ಶತಮಾನ ಬಂದು ಹತ್ತು ವರ್ಷಗಳಾದ ಮೇಲೆ, ಒಂದು ಮಧ್ಯಾಹ್ನ, ಉಂಡು ಮಲಗಿದವಳು ಹಾಗೆಯೇ. ದಿವಸದ ಕಾರ್ಯ ಮುಗಿದು ಸಾಲಿಗೆ ಹೊರಡುವ ದಿನ ನಾನೇ ಧೋತರ ಉಟ್ಟುಕೊಂಡೆ. ಇಷ್ಟು ವರ್ಷ ಕೈ ಎತ್ತಿ ನಿಂತದ್ದೇ ಹೊರತು ಕಲಿತಿರಲಿಲ್ಲ. ಆದರೂ ಹೇಗೋ ಬಂತು. ನನ್ನದು ಬಲಗೈ. ಬಾಯಿ ಎಡಕ್ಕೆ ಬಂದಿತ್ತು, ಎಲ್ಲರದು ಇರುವ ಹಾಗೆ. ಬಿಚ್ಚಿ ಮತ್ತೆ ಉಟ್ಟೆ, ಮತ್ತೆ ಎಡಕ್ಕೇ ಬಂತು. ಹೊತ್ತಾಯಿತೆಂದು ಹಾಗೆಯೇ ಹೋದೆ. ಬಸ್ಸಿನಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ನನ್ನ ಕೂದಲೂ ಬೆಳ್ಳಗಾಗಿತ್ತು, ನಿರಿಗೆಯೂ ಸರಿ ಇತ್ತು. ಧೋತರ ಉಟ್ಟ ಒಬ್ಬ ಮುದುಕ, ಅಷ್ಟೇ. ಹೋಗುವಾಗ ಯಾರೂ ಮಾತಾಡಿಸಲಿಲ್ಲ, ಬರುವಾಗಲೂ ಇಲ್ಲ. ಮನೆಗೆ ಬಂದೆ. ಕೇಳುವವರೂ ಇರಲಿಲ್ಲ. ಆಗ ತಿಳಿಯಿತು ನನಗೆ ತಾಯಿ ಇಲ್ಲವೆಂದು. ಹೆಣ ಎತ್ತುವಾಗ ಅಷ್ಟು ತಿಳಿದಿರಲಿಲ್ಲ.

ಮರುದಿನ ಮುಂಜಾನೆ ಮತ್ತೆ ನಿರಿಗೆಯ ಜೊತೆ ಗುದ್ದಾಡುತ್ತಿದ್ದೆ. ಸುಮಿತ್ರಾ ಅಡುಗೆಮನೆಯಿಂದ ಬಂದು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ನನ್ನ ಮುಂದೆ ನಿಂತಳು. ಇಷ್ಟು ವರ್ಷ ಬಾಗಿಲ ಸಂದಿಯಿಂದ ನೋಡಿದವಳು ಅವಳು. ನನ್ನ ಕೈಯಿಂದ ಬಟ್ಟೆ ಬಿಡಿಸಿಕೊಂಡಳು. ನನ್ನ ಕೈಗಳು ತಾವಾಗಿಯೇ ಮೇಲೆ ಹೋದವು. ಅವಳು ನಿರಿಗೆ ಹಿಡಿದು, ತೀಡಿ, ಬಾಯಿ ಬಲಕ್ಕೆ ತಂದು, ಚುಂಗು ಕೊಡವಿದಳು.

ಬಸ್ಸಿನಲ್ಲಿ ಒಬ್ಬ ಕಾಲೇಜು ಹುಡುಗಿ ಅಜ್ಜನೊಡನೆ ಕೂತಿದ್ದಳು. ಆ ಅಜ್ಜ ನನ್ನನ್ನು ನೋಡಿ, ಮತ್ತೆ ನೋಡಿ, ಕೊನೆಗೆ ತಡೆಯಲಾಗದೆ, "ಯಜಮಾನ್ರ, ನಿಮ್ಮ ನಿರಗಿ ಉಲ್ಟಾ ಆಗ್ಯಾವಲ್ರಿ," ಎಂದರು.

"ಅವು ಹಂಗ ಇರೂವ ರೀ," ಎಂದೆ. "ಯಾವೂರಾತ್ರಿ ನಿಮ್ಮದು?"

ಅವರು ಹೇಳತೊಡಗಿದರು. ನಾನು ಎಲ್ಲ ಕೇಳಿಕೊಂಡೆ. ಮೊಮ್ಮಗಳು ಏನು ಓದುತ್ತಾಳೆ, ಹೊಲದಲ್ಲಿ ಏನು ಹಾಕಿದ್ದಾರೆ, ಮನೆಯಲ್ಲಿ ಯಾರಿಗೆ ಯಾವ ಪಲ್ಯ ಸೇರುವುದಿಲ್ಲ, ಒಂದನ್ನೂ ಬಿಡಲಿಲ್ಲ. ಸಂಜೆ ಮನೆಗೆ ಬಂದೆ. ಕಂಬದ ಬುಡ ಖಾಲಿ ಇತ್ತು. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ ಸುಮಿತ್ರಾ ಕೇಳಿದಳು:

"ಇವತ್ತ ಯಾರ ಮಾತಾಡಿಸಿದ್ರು?"